ಒಂದೇ ಕೈಲಿ ಬಿಚ್ಚುವ ಚೀಲ

ಮೇಷ್ಟ್ರು ತೀರಿಕೊಂಡ ಹದಿನೈದು ದಿನಕ್ಕೆ ಕಾಲೇಜಿನಲ್ಲಿ ನುಡಿನಮನ ಇಟ್ಟುಕೊಂಡಿದ್ದರು. ಏಳು ಜನ ಮಾತಾಡಿದರು, ಅವರಲ್ಲಿ ಐದು ಜನ ಹೇಳಿದ್ದು ಒಂದೇ ಕಥೆ. ನಿವೃತ್ತರಾದ ಮೇಲೆ ಮೇಷ್ಟ್ರು ಮೀನು ಹಿಡಿಯುವ ಸಾಮಾನು ಇಟ್ಟುಕೊಳ್ಳಲು ಸೊಂಟಕ್ಕೆ ಕಟ್ಟುವ ಚೀಲವೊಂದನ್ನು ಕೊಳ್ಳಲು ಹೊರಟರಂತೆ. ಗುಂಡ್ಲುಪೇಟೆ, ಚಾಮರಾಜನಗರದ ಒಂದಂಗಡಿಯನ್ನೂ ಬಿಡದೆ ಮೂರು ತಿಂಗಳು ಅಲೆದರಂತೆ. ಕೊನೆಗೊಂದನ್ನು ಆರಿಸಿ ಸೊಂಟಕ್ಕೆ ಕಟ್ಟಿ, ತೆಪ್ಪ ಹತ್ತಿದ ಮೂರನೇ ಸಲಕ್ಕೇ ಅದನ್ನು ಸುವರ್ಣಾವತಿಯ ನೀರಿಗೆ ಬೀಳಿಸಿಕೊಂಡು ಬಂದರಂತೆ. "ಅಷ್ಟು ಹುಷಾರಿನ ಮನುಷ್ಯ, ಕೊನೆಗೆ ನೋಡಿ" ಎಂದು ಒಬ್ಬರು ಮುಗಿಸಿದರು. ಸಭೆ ಐದು ಸಲವೂ ನಕ್ಕಿತು.

ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಎದ್ದು ನಿಂತು ವಾದಿಸಬೇಕೆನಿಸಿತು, ಆದರೆ ನುಡಿನಮನದಲ್ಲಿ ಹಾಗೆ ಮಾಡುವ ಪದ್ಧತಿಯಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಮೂರು ತಿಂಗಳು ಅಲೆದದ್ದು ನಿಜ, ಜೊತೆಯಲ್ಲಿ ನಾನಿದ್ದೆ. ಚೀಲ ನೀರಿಗೆ ಹೋದದ್ದೂ ನಿಜ. ಆದರೆ ಅದನ್ನು ಆರಿಸಿದ್ದು ಮೇಷ್ಟ್ರಲ್ಲ, ನಾನು. ಬಿದ್ದದ್ದೋ ಬಿಟ್ಟದ್ದೋ ಎಂಬ ಪ್ರಶ್ನೆಯನ್ನು ಆ ಐದು ಜನರಲ್ಲಿ ಒಬ್ಬರೂ ಕೇಳಲಿಲ್ಲ.

ಮೇಷ್ಟ್ರು ಗುಂಡ್ಲುಪೇಟೆಯಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡುತ್ತಿದ್ದರು. ಮನೆ ಬೇಗೂರಿನಲ್ಲಿ. ತರಗತಿಯೊಳಗೆ ಪುಸ್ತಕದ ಕನ್ನಡ, ಬಾಗಿಲು ದಾಟಿದರೆ ಬೇಗೂರಿನ ಕನ್ನಡ. ನಾನು ಭೀಮನಬೀಡಿನಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದ ಹುಡುಗಿ, ಸಿಕ್ಕಿದವರ ಮೇಲೆಲ್ಲ ಜಗಳಕ್ಕೆ ಹೋಗುತ್ತಿದ್ದೆ. ಅದನ್ನು ಬಿಡಿಸಲು ಹೋಗದೆ ಚರ್ಚಾಸ್ಪರ್ಧೆಗೆ ಹಚ್ಚಿದವರು ಅವರು. ಯಾರಾದರೂ ಮಾತಾಡುವಾಗ ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಹೊಸಬರು ನಿದ್ದೆ ಎಂದುಕೊಳ್ಳುವರು. ವಾದದಲ್ಲಿ ಎಲ್ಲಿ ಬಿರುಕಿದೆಯೋ ಸರಿಯಾಗಿ ಅಲ್ಲಿಗೆ ಅವರ ಎಡಗೈ ಹೆಬ್ಬೆರಳು ಮೇಲೇಳುತ್ತಿತ್ತು. ಆ ಹೆಬ್ಬೆರಳಿಗೆ ನಾನು ಹೆದರಿದಷ್ಟು ಯಾವ ತೀರ್ಪುಗಾರರಿಗೂ ಹೆದರಿಲ್ಲ.

ಒಮ್ಮೆ ಚಾಮರಾಜನಗರದಲ್ಲಿ ಜಿಲ್ಲಾ ಮಟ್ಟದ ಸ್ಪರ್ಧೆಯಿತ್ತು. ನಾನು ಪರ, ನನ್ನ ಜೊತೆಗಾತಿ ವಿರೋಧ. ಎರಡು ವಾರ ಕೂತು ಓದಿಕೊಂಡಿದ್ದೆ. ಬಸ್ಸು ಅರ್ಧ ದಾರಿ ಬಂದಿದೆ, ಮೇಷ್ಟ್ರು ಮುಂದಿನ ಸೀಟಿನಿಂದ ತಿರುಗಿ, "ನೀವಿಬ್ರೂ ಪಕ್ಷ ಬದ್ಲಾಯಿಸ್ಕಳಿ" ಎಂದರು. ನಾನು ಕೂಗಾಡಿದೆ. ಕಂಡಕ್ಟರು ಬಂದು ಏನಾಯಿತೆಂದು ವಿಚಾರಿಸಿಕೊಂಡು ಹೋದ. ಅವತ್ತು ಸೋತೆ. ಹೀನಾಯವಾಗಿಯೇ ಸೋತೆ. ಬಸ್‌ಸ್ಟ್ಯಾಂಡಿನ ಎದುರು ಹೋಟೆಲಿನಲ್ಲಿ ದೋಸೆ ಮುಟ್ಟದೆ ಕೂತಿದ್ದಾಗ ಮೇಷ್ಟ್ರು ನನ್ನ ತಟ್ಟೆಯನ್ನು ನನ್ನ ಹತ್ತಿರಕ್ಕೆ ಸರಿಸಿದರು.

"ನಿನ್ನ ವಾದ ಗಟ್ಟಿ ಅದ ಕಣಮ್ಮಿ. ಆದ್ರ ಅದನ್ನ ಮೈಗೆ ಕಟ್ಕಂಡಿದ್ದಿ. ಮುಳುಗ್ವಾಗ ಬಿಚ್ಚಾಕ ಬರದಿಲ್ಲ."

"ಸಾರ್, ಹಾಗಾದ್ರೆ ನಂಬಿಕೆ ಇಲ್ಲದೆ ಮಾತಾಡ್ಬೇಕಾ?"

"ನಂಬ್ಕಂಡೇ ಮಾತಾಡು. ತಪ್ಪು ಅಂತ ಕಂಡ ಗಳಿಗೇಲಿ ಬುಟ್ಬುಡು, ಅಷ್ಟೇ. ದೋಸ ತಿನ್ನು, ಆರೋಗ್ತದ."

ಅವರ ಮನೆಯವರು ಮಾಂಸ ಮುಟ್ಟುವವರಲ್ಲ. ಬೆಳಿಗ್ಗೆ ಲಿಂಗಪೂಜೆ ಆಗದೆ ಕಾಫಿಯೂ ಇಲ್ಲದ ಮನೆ. ಅಂಥ ಮನೆಯ ಮೇಷ್ಟ್ರಿಗೆ ಗಾಳ ಹಾಕುವ ಹುಚ್ಚು ಹೇಗೆ ಹತ್ತಿತೋ ಯಾರಿಗೂ ತಿಳಿಯದು. ಭಾನುವಾರ ಬಂತೆಂದರೆ ಮೊದಲ ಬಸ್ಸಿಗೆ ಚಾಮರಾಜನಗರ ದಾಟಿ ಸುವರ್ಣಾವತಿ ಜಲಾಶಯ. ಅಲ್ಲಿ ಮಾದಣ್ಣ ಎಂಬ ಮೀನುಗಾರನ ತೆಪ್ಪ. ಬಿದಿರು ಹೆಣೆದು ತಳಕ್ಕೆ ಟಾರು ಬಳಿದ ದುಂಡನೆಯ ತೆಪ್ಪ ಅದು, ಇಬ್ಬರು ಕುಕ್ಕರುಗಾಲಿನಲ್ಲಿ ಕೂತರೆ ಮುಗಿಯಿತು. ಸಿಕ್ಕಿದ ಜಿಲೇಬಿ ಮೀನನ್ನೆಲ್ಲ ಮಾದಣ್ಣನಿಗೆ ಕೊಟ್ಟು ಮೇಷ್ಟ್ರು ಬರಿಗೈಯಲ್ಲಿ ಬರುತ್ತಿದ್ದರು.

"ತಿನ್ನದ ಮೀನು ಹಿಡಿಯೋದು ಯಾವ ನ್ಯಾಯ ಸಾರ್?" ಎಂದು ನಾನು ಕೇಳಿದ್ದೆ.

"ನೀನು ನಂಬದ ಪಕ್ಷಕ್ಕೆ ವಾದ ಮಾಡ್ನಿಲ್ವಾ, ಹಂಗೇ ಅಂದ್ಕ" ಎಂದು ನಕ್ಕರು. ಸ್ವಲ್ಪ ದೂರ ನಡೆದ ಮೇಲೆ ಅವರೇ ನಿಂತರು. "ಇಲ್ಲ ಕಣಮ್ಮಿ. ಅದು ಚೆಂದದ ಉತ್ರ, ಸರಿ ಉತ್ರ ಅಲ್ಲ. ನಂಗೆ ಉತ್ರ ಗೊತ್ತಿಲ್ಲ."

ಗೆದ್ದ ಮೇಲೂ ತನ್ನ ಮಾತನ್ನು ವಾಪಸ್ಸು ತೆಗೆದುಕೊಂಡವರನ್ನು ನಾನು ನೋಡಿದ್ದು ಅದೇ ಮೊದಲು. ಈಗ ಚಾಮರಾಜನಗರದ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗಿದ್ದೇನೆ. ಇಲ್ಲಂತೂ ಅಂಥವರು ಇನ್ನೂ ಕಣ್ಣಿಗೆ ಬಿದ್ದಿಲ್ಲ.

ಮೀನಿನ ವಾಸನೆ ಹೊಸ್ತಿಲು ದಾಟಬಾರದೆಂದು ಅಮ್ಮಾವ್ರು, ಅಂದರೆ ಮೇಷ್ಟ್ರ ಹೆಂಡತಿ, ಕಟ್ಟಪ್ಪಣೆ ಮಾಡಿದ್ದರು. ಅದಕ್ಕೇ ಮನೆಯ ಹೊರಗೋಡೆಗೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಒಂದು ಮೊಳೆ. ಆ ಮೊಳೆಗೆ ತೂಗಿರುತ್ತಿದ್ದುದು ಮೇಷ್ಟ್ರ ಅವ್ವನ ಎಲಡಿಕೆ ಸಂಚಿ. ಕೆಂಪು ಬಟ್ಟೆಯದು. ಒಳಗೆ ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಹೊಗೆಸೊಪ್ಪಿಗೊಂದು ಎಂದು ಅರೆಗಳು. ಎರಡೂ ಬದಿಯ ದಾರ ಎಳೆದರೆ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಅವ್ವ ಹೋದ ಮೇಲೆ ಮೇಷ್ಟ್ರು ಅದರಲ್ಲಿ ಗಾಳದ ಸಾಮಾನು ಇಟ್ಟುಕೊಂಡರು. ಅಡಿಕೆಯ ಜಾಗದಲ್ಲಿ ಕೊಕ್ಕೆ, ಸುಣ್ಣದ ಜಾಗದಲ್ಲಿ ಸೀಸದ ಗುಂಡು, ಎಲೆಯ ಜಾಗದಲ್ಲಿ ಸುತ್ತಿದ ದಾರ. ಅದನ್ನು ಪಂಚೆಯ ನಡುವಿಗೆ ಸಿಕ್ಕಿಸಿಕೊಂಡು ತೆಪ್ಪ ಹತ್ತುವರು.

ಬಟ್ಟೆಯ ಸಂಚಿಯಲ್ಲಿ ಕೊಕ್ಕೆ ಇಟ್ಟರೆ ಏನಾಗುತ್ತದೆಂದು ಭೌತಶಾಸ್ತ್ರ ಬೇಕಿಲ್ಲದೆ ಊಹಿಸಬಹುದು. "ನಾನು ನೀರಲ್ಲಿ ಹಿಡ್ದಿದ್ಕಿಂತ ಸಂಚೀಲಿ ಹಿಡ್ದಿದ್ದೇ ಜಾಸ್ತಿ" ಎನ್ನುತ್ತಿದ್ದರು. ನಿವೃತ್ತರಾದ ವರ್ಷ ಒಂದು ದಿನ ತೆಪ್ಪದಲ್ಲಿ ಕುಕ್ಕರಿಸಿದಾಗ ಕೊಕ್ಕೆಯೊಂದು ಸಂಚಿಯನ್ನು ತೂರಿ ಹೊಟ್ಟೆಗೆ ಚುಚ್ಚಿತು. ಆಸ್ಪತ್ರೆ, ಇಂಜೆಕ್ಷನ್ನು. ಅಮ್ಮಾವ್ರು ಒಂದೇ ಮಾತು ಹೇಳಿದರು: ಒಂದು ಸರಿಯಾದ ಚೀಲ ತನ್ನಿ, ಇಲ್ಲ ಗಾಳ ಬಿಡಿ.

ಮೇಷ್ಟ್ರು ನನಗೆ ಫೋನು ಮಾಡಿದರು. ಆಗ ನಾನು ಮೈಸೂರಿನಲ್ಲಿ ಕಾನೂನು ಓದುತ್ತಿದ್ದೆ, ಭಾನುವಾರ ಊರಿಗೆ ಬರುತ್ತಿದ್ದೆ. "ಅಂಗಡಿಯವ್ರು ಹೇಳಿದ್ನೆಲ್ಲ ನಾನು ನಂಬ್ಬುಡ್ತಿನಿ ಕಣಮ್ಮಿ. ನಂಬದೆ ಇರೋರು ಒಬ್ರು ಜೊತೇಲಿರ್ಬೇಕು. ಬಾ."

ಊರು ನಗುವ ಆ ಮೂರು ತಿಂಗಳಲ್ಲಿ ನಡೆದದ್ದೇನೆಂದು ಹೇಳುತ್ತೇನೆ. ಚೀಲವನ್ನು ಮೇಷ್ಟ್ರು ಅಂಗಡಿಯ ಕನ್ನಡಿ ಮುಂದೆ ನಿಂತು ನೋಡುತ್ತಿರಲಿಲ್ಲ. ಸೊಂಟಕ್ಕೆ ಕಟ್ಟಿ ಅಂಗಡಿಯ ನೆಲದ ಮೇಲೆ ಕುಕ್ಕರಿಸುತ್ತಿದ್ದರು, ಏಕೆಂದರೆ ತೆಪ್ಪದಲ್ಲಿ ಯಾರೂ ನಿಂತಿರುವುದಿಲ್ಲ. ದಪ್ಪ ಚೀಲ ಹೊಟ್ಟೆಗೂ ತೊಡೆಗೂ ನಡುವೆ ಸಿಕ್ಕಿ ಉಸಿರು ಕಟ್ಟಿಸಿದರೆ ಅದು ಬೇಡ. ಚರ್ಮದ್ದು ಬೇಡ, ಅಮ್ಮಾವ್ರು ಮೊಳೆಗೂ ತೂಗುಹಾಕಲು ಬಿಡುವುದಿಲ್ಲ. ಮುಚ್ಚಳ ಮೈಯ ಕಡೆಗೆ ತೆರೆದುಕೊಂಡರೆ ಬೇಡ, ಹೊರಗಡೆಗೆ ತೆರೆದು ಒಂದು ಪುಟ್ಟ ತಟ್ಟೆಯ ಹಾಗೆ ನಿಲ್ಲಬೇಕು, ಕೈಜಾರಿದ ಕೊಕ್ಕೆ ಅದರ ಮೇಲೆ ಬೀಳಬೇಕು. ಚಾಮರಾಜನಗರದಲ್ಲಿ ಉಮ್ಮತ್ತೂರಿನ ಟೈಲರೊಬ್ಬ ಟಾರ್ಪಾಲಿನಲ್ಲಿ ಹೊಲಿದುಕೊಡುತ್ತೇನೆಂದು ಮುಂದೆ ಬಂದ. ಮೇಷ್ಟ್ರು ಅವನ ಹೊಲಿಗೆಯ ಮೇಲೆ ಒಂದು ಲೋಟ ನೀರು ಹುಯ್ದು, ಎರಡು ನಿಮಿಷ ಬಿಟ್ಟು ಒಳಗೆ ಬೆರಳಾಡಿಸಿ ತೇವ ತೋರಿಸಿದರು. ಟೈಲರು ಬೇಜಾರು ಮಾಡಿಕೊಳ್ಳಲಿಲ್ಲ, ಟೀ ಕುಡಿಸಿದ.

ಎಲ್ಲಕ್ಕಿಂತ ದೊಡ್ಡ ಷರತ್ತು ಬೇರೆಯಿತ್ತು. ತೆಪ್ಪದವರದ್ದೊಂದು ಪದ್ಧತಿ: ನೀರಿಗಿಳಿಯುವ ಮೊದಲು ಮೈಮೇಲೆ ಬಿಗಿಯಾಗಿ ಕಟ್ಟಿದ್ದನ್ನೆಲ್ಲ ಸಡಿಲ ಮಾಡಬೇಕು. ಚಪ್ಪಲಿ ಬಿಡಬೇಕು, ಕೊರಳ ಸುತ್ತ ಟವೆಲು ಗಂಟು ಹಾಕಿರಬಾರದು. ಮಗುಚಿದರೆ ಎಲ್ಲವೂ ಸುಲಭವಾಗಿ ಕಳಚಿಕೊಳ್ಳಬೇಕು. ಹಾಗಾಗಿ ಸೊಂಟದ ಚೀಲ ಒಂದೇ ಕೈಲಿ, ಅದೂ ಎಡಗೈಲಿ, ಒದ್ದೆಗೈಲಿ, ಕಣ್ಣು ಮುಚ್ಚಿದರೂ ಬಿಚ್ಚಬೇಕು. "ತೆಪ್ಪದಲ್ಲಿ ಬಲಗೈ ಗಾಳುದ್ದು, ಎಡಗೈ ಜೀವುದ್ದು" ಎನ್ನುತ್ತಿದ್ದರು.

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಮಲಯಾಳಿ ಕಾಕಾ ಒಬ್ಬರ ಬ್ಯಾಗಿನ ಅಂಗಡಿಯಿದೆ. ಅಲ್ಲಿಗೆ ನಾವು ನಾಲ್ಕು ಸಲ ಹೋದೆವು. ನಾಲ್ಕನೇ ಸಲ ಕಾಕಾ ನಮ್ಮನ್ನು ಕಂಡ ಕೂಡಲೇ ಅಂಗಡಿಯ ಮುಂದೆ ಒಂದು ಬಕೆಟ್ ನೀರು ತಂದಿಟ್ಟರು.

"ನನ್ನ ಮಗಳಿಗೆ ಗಂಡು ನೋಡುವಾಗ ಇಷ್ಟು ಕೇಳಲಿಲ್ಲ ಸಾರ್" ಎಂದರು ಕಾಕಾ. "ಇದು ನೋಡಿ. ಒಂದು ತುಳ್ಳಿ, ಒಂದು ಹನಿ ನೀರು ಒಳಗೆ ಹೋದರೆ ನಾನು ಅಂಗಡಿ ಮುಚ್ಚುತ್ತೇನೆ."

ನೀಲಿ ಚೀಲ. ತೆಳ್ಳಗಿತ್ತು, ಮುಚ್ಚಳ ಹೊರಕ್ಕೆ ತೆರೆಯುತ್ತಿತ್ತು, ಹೊಲಿಗೆಯ ಬದಲು ಕಾಯಿಸಿ ಅಂಟಿಸಿದ ಅಂಚು. ಸೊಂಟಪಟ್ಟಿಗೆ ಪ್ಲಾಸ್ಟಿಕ್ ಕ್ಲಿಪ್ಪು. ಎಲ್ಲವೂ ಸರಿಯಿದೆ, ಕ್ಲಿಪ್ಪು ಮಾತ್ರ ಬೇಡ ಎಂದರು ಮೇಷ್ಟ್ರು. ಅದನ್ನು ಕತ್ತರಿಸಿ ಹಾಕಿ ದಾರ ಹೊಲಿಸಿಕೊಳ್ಳುತ್ತೇನೆ, ಅವ್ವನ ಸಂಚಿಯ ಹಾಗೆ ಜಾರುಗಂಟು ಹಾಕುತ್ತೇನೆ ಎಂದರು.

"ಯಾಕೆ ಸಾರ್?" ಎಂದೆ.

"ಗಂಟು ಸಡ್ಲ ಆಯ್ತಾ ಬಂದ್ರ ಸೊಂಟುಕ್ಕೆ ಗೊತ್ತಾಯ್ತದ ಕಣಮ್ಮಿ. ಅದು ಹೇಳ್ಬುಟ್ಟು ಬಿಚ್ಕತದ. ಕ್ಲಿಪ್ಪು ಹಂಗಲ್ಲ. ಕಚ್ಕಂಡದ ಅಂದ್ರ ಕಚ್ಕಂಡದ, ಇಲ್ಲ ಅಂದ್ರ ಇಲ್ಲ. ಹೇಳ್ದೆ ಕೇಳ್ದೆ ಓಗ್ಬುಡ್ತದ."

ಕಾಕಾನ ಹತ್ತಿರ ಒಂದು ದಾರ ಇಸಿದುಕೊಂಡು ಮೇಷ್ಟ್ರ ಸೊಂಟಕ್ಕೆ ಅವರ ಕೈಯಿಂದಲೇ ಜಾರುಗಂಟು ಹಾಕಿಸಿದೆ. ಬಕೆಟ್ಟಿನಿಂದ ಒಂದು ಚೊಂಬು ನೀರು ಗಂಟಿನ ಮೇಲೆ ಹುಯ್ದೆ. ಅದರ ಎರಡೂ ಬದಿಯ ದಾರ ಹಿಡಿದು, ಮಗುಚಿದ ತೆಪ್ಪ ಎಳೆದ ಹಾಗೆ ಜಗ್ಗಿದೆ. "ಈಗ ಬಿಚ್ಚಿ ಸಾರ್. ಎಡಗೈ, ಕಣ್ಣು ಮುಚ್ಕೊಂಡು." ಮೇಷ್ಟ್ರು ಕಣ್ಣು ಮುಚ್ಚಿದರು. ನಾನು ಗಟ್ಟಿಯಾಗಿ ಎಣಿಸತೊಡಗಿದೆ. ನಲವತ್ತಕ್ಕೂ ಗಂಟು ಬಿಚ್ಚಲಿಲ್ಲ. ಆಮೇಲೆ ನೀಲಿ ಚೀಲ ಕಟ್ಟಿಸಿದೆ, ನೀರು ಹುಯ್ದೆ, ಜಗ್ಗಿದೆ. ಒಂದು ಎನ್ನುವಷ್ಟರಲ್ಲಿ ಕ್ಲಿಪ್ಪು ಟಕ್ಕೆಂದಿತು.

ಒದ್ದೆ ಪಂಚೆಯಲ್ಲಿ ನಿಂತ ಮೇಷ್ಟ್ರು ಕಣ್ಣು ಬಿಟ್ಟರು. ಅವರ ಹೆಬ್ಬೆರಳು ಏಳಲಿಲ್ಲ.

"ಸೋತೆ ಕಣಮ್ಮಿ. ನೀನು ಹೇಳಿದ್ದೇ ಸರಿ."

ರಸ್ತೆಯಲ್ಲಿ ಹೋಗುವವರ ಮುಂದೆ, ಕಾಕಾನ ಮುಂದೆ, ಯಾವ ಮುಜುಗರವೂ ಇಲ್ಲದೆ ಹಾಗೆಂದರು. ನಾನು ಭೀಮನಬೀಡಿನ ಬಸ್ಸು ಹತ್ತಿದ ಮೇಲೂ ಕಿಟಕಿಯಲ್ಲಿ ಮುಖವಿಟ್ಟು ನಗುತ್ತಿದ್ದೆ. ಮೇಷ್ಟ್ರನ್ನು ಸೋಲಿಸಿದೆ ಎಂದು ಎಷ್ಟು ಜನಕ್ಕೆ ಹೇಳಿದೆನೋ ಲೆಕ್ಕವಿಲ್ಲ.

ಒಂದು ತಿಂಗಳ ಮೇಲೆ ಚೀಲ ಹೋಯಿತು. ಆ ದಿನ ನಾನು ಮೈಸೂರಿನಲ್ಲಿದ್ದೆ. ಮೇಷ್ಟ್ರೇ ಫೋನು ಮಾಡಿ ಹೇಳಿದರು. ಗಾಳದ ಕೊಕ್ಕೆ ನೀರಡಿಯ ಮರದ ಮೋಟಿಗೆ ಸಿಕ್ಕಿಕೊಂಡಿತಂತೆ. ದಾರ ಸೊಂಟದ ಚೀಲಕ್ಕೆ ಸುತ್ತಿಕೊಂಡಿತ್ತು. ಗಾಳಿಗೆ ತೆಪ್ಪ ಗಿರ್ರನೆ ತಿರುಗಿ ದಾರ ಬಿಗಿದು ಒಂದು ಮಗ್ಗುಲಿಗೆ ವಾಲಿತು, ನೀರು ಒಳಗೆ ಬರತೊಡಗಿತು. ದಾರ ಕತ್ತರಿಸೋಣವೆಂದರೆ ಚಾಕು ಚೀಲದ ಒಳಗೆ. "ಎಡಗೈಲಿ ಒಂದ್ಸಲ ಹಿಚುಕ್ದೆ ಕಣಮ್ಮಿ, ಬಿಚ್ಕತು. ಗಂಟಾಗಿದ್ರ ನಾನೂ ಮಾದಣ್ಣನೂ ಇಷ್ಟೊತ್ಗೆ ನೀರೊಳಗಿರ್ತಿದ್ದೋ. ನಿನ್ನ ವಾದ ಉಳಿಸ್ತು."

ಇದನ್ನೇ ಅವರು ಬೇಗೂರಿನ ಟೀ ಅಂಗಡಿಯಲ್ಲೂ ಹೇಳಿದರು. ಊರು ನಂಬಲಿಲ್ಲ. "ಬೀಳಿಸ್ಕಂಡು ಬಂದು ಕಥೆ ಕಟ್ತಾವ್ರೆ ಮೇಷ್ಟ್ರು" ಎಂದು ನಕ್ಕಿತು. ಅವರೂ ನಕ್ಕರಂತೆ. ನಾನು ಮಾತ್ರ ಒಂದೂ ಪ್ರಶ್ನೆ ಕೇಳದೆ ನಂಬಿದೆ. ಬೇರೆಯವರ ಮಾತಿಗೆ ಸಾಕ್ಷಿ ಕೇಳುವವಳು ಇದಕ್ಕೆ ಯಾಕೆ ಕೇಳಲಿಲ್ಲವೆಂದರೆ, ಆ ಕಥೆ ನನ್ನ ಪರವಾಗಿತ್ತು.

ನುಡಿನಮನ ಮುಗಿಸಿಕೊಂಡು ಬೇಗೂರಿಗೆ ಹೋದೆ. ಅಮ್ಮಾವ್ರಿಗೆ, ಅವರೆಲ್ಲ ತಪ್ಪು ಕಥೆ ಹೇಳುತ್ತಿದ್ದಾರೆ, ನಾನು ಬರೆಯುತ್ತೇನೆ ಎಂದೆ. ಮೇಷ್ಟ್ರ ಅವ್ವನ ಸಂಚಿಯ ಒಂದು ಫೋಟೋ ತೆಗೆದುಕೊಳ್ಳಲೇ ಎಂದು ಕೇಳಿದೆ.

"ಸಂಚಿ ಎಲ್ಲದವ್ವಾ?" ಎಂದರು ಅಮ್ಮಾವ್ರು. "ಅದು ಚೀಲದ್ ಜೊತೇಲೇ ಓಯ್ತಲ್ಲ. ಗಾಳುದ್ ಸಾಮಾನ ಚೀಲ್ದೊಳಗೆ ಅರೇಲಿ ಇಟ್ರು, ಸಂಚೀನ ಖಾಲಿ ಮಾಡಿ, ಒಗ್ದು, ಮಡ್ಚಿ ತಳ್ದಲ್ಲಿ ಇಟ್ಕಂಡ್ರು. ಮೊಳೇಲಿ ಒಂದೇ ತೂಗಾಡದು ನೋಡಕಾಗದಿಲ್ಲ ಅಂದ್ರು."

ಅದು ನನಗೆ ಗೊತ್ತಿರಲಿಲ್ಲ.

"ಅವತ್ತು ಬಂದೋರು ಉಣ್ನಿಲ್ಲ. ಆ ಕಲ್ ಮೇಲೆ ಕುಂತಿದ್ರು. ಆಮೇಲೆ, ಹುಡ್ಗಿಗೆ ಹೇಳ್ಬ್ಯಾಡ ಅಂದ್ರು."

"ಏನು ಹೇಳ್ಬಾರ್ದು ಅಂತ?"

"ನಾನು ಕೇಳ್ನಿಲ್ಲ ಕಣವ್ವ. ಸಂಚಿ ಇಸ್ಯ ಇರ್ಬೇಕು ಅಂದ್ಕಂಡೆ."

ಅಮ್ಮಾವ್ರು ಹೊರಗೆ ಕರೆದುಕೊಂಡು ಹೋಗಿ ಮೊಳೆಗೆ ತೂಗಿದ್ದ ಚೀಲ ತೆಗೆದುಕೊಟ್ಟರು. ಕಾಕಾನ ಅಂಗಡಿಯದೇ, ಅದೇ ನೀಲಿ, ಅದೇ ಕ್ಲಿಪ್ಪು. ಮೇಷ್ಟ್ರು ಎರಡನೆಯದನ್ನು ಕೊಂಡಿದ್ದರು, ನನಗೆ ಹೇಳಿರಲಿಲ್ಲ. ಕ್ಲಿಪ್ಪಿನ ಎರಡೂ ಬದಿಗೆ ಕೆಂಪು ದಾರ ಹೊಲಿದು, ಕ್ಲಿಪ್ಪಿನ ಮೇಲೆ ಸಡಿಲವಾಗಿ ಒಂದು ಜಾರುಗಂಟು ಹಾಕಿತ್ತು. ಹೊಲಿಗೆ ಗಂಡಸಿನ ಕೈಯದ್ದು, ಉದ್ದುದ್ದ ಹಾಕಿದ್ದು. ನಾನು ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಎಡಗೈಯಲ್ಲಿ ಕ್ಲಿಪ್ಪು ಹಿಚುಕಿದೆ. ಅದು ಬಿಚ್ಚಿತು, ಆದರೆ ಚೀಲ ಬೀಳಲಿಲ್ಲ. ದಾರ ಹಿಡಿದುಕೊಂಡಿತ್ತು.

ಅವತ್ತಿನಿಂದ ಎರಡೂ ಪಕ್ಷ ನಾನೇ ವಾದಿಸುತ್ತಿದ್ದೇನೆ. ಕ್ಲಿಪ್ಪು ತಾನಾಗಿಯೇ ಬಿಚ್ಚಿಕೊಂಡಿತ್ತು, ಅದಕ್ಕೇ ಎರಡನೇ ಚೀಲಕ್ಕೆ ದಾರದ ಕಾವಲು ಹಾಕಿದರು. ಇಲ್ಲ, ಕ್ಲಿಪ್ಪಿನ ಮೇಲೆ ಅಪನಂಬಿಕೆಯಿದ್ದರೆ ಅದೇ ಚೀಲವನ್ನು ಮತ್ತೆ ಯಾಕೆ ಕೊಳ್ಳುತ್ತಿದ್ದರು? ದಾರವೆಂದರೆ ಅವ್ವನ ನೆನಪು, ಅಷ್ಟೇ. ನೆನಪಿಗಾದರೆ ಒಳಗೆ ಹೊಲಿಯಬಹುದಿತ್ತು, ಕ್ಲಿಪ್ಪಿನ ಮೇಲೆಯೇ ಯಾಕೆ? ಮಾದಣ್ಣನ ಜೀವವೂ ತನ್ನ ಜೀವವೂ ಉಳಿದ ದಿನ ಊಟ ಬಿಟ್ಟು ಕಲ್ಲಿನ ಮೇಲೆ ಯಾಕೆ ಕೂತರು? ಸಂಚಿ ಹೋಯಿತಲ್ಲ, ಅದಕ್ಕೆ.

ಅವರು ಫೋನಿನಲ್ಲಿ ಹೇಳಿದ್ದು ನಿಜವಾದರೆ, ನನ್ನ ವಾದ ಎರಡು ಜೀವ ಉಳಿಸಿದೆ, ಸಂಚಿ ಅದಕ್ಕೆ ತೆತ್ತ ಬೆಲೆ. ಸುಳ್ಳಾದರೆ, ಅಂಗಡಿಯ ಮುಂದೆ ಮೇಷ್ಟ್ರೇ ಸರಿಯಿದ್ದರು. ನಾನು ಗೆದ್ದ ಹೆಮ್ಮೆಗೆ ಅವರ ಅವ್ವನ ಸಂಚಿ ನೀರುಪಾಲಾಯಿತು. ಚೆಂದದ ಉತ್ತರವನ್ನೂ ತಾವೇ ವಾಪಸ್ಸು ತೆಗೆದುಕೊಂಡ ಮನುಷ್ಯ, ನನಗೆ ನೋವಾಗದಿರಲೆಂದು ಒಂದು ಸುಳ್ಳು ಹೇಳಿ, ಅದನ್ನು ಕೊನೆಯವರೆಗೂ ವಾಪಸ್ಸು ತೆಗೆದುಕೊಳ್ಳಲಿಲ್ಲ, ಊರು ನಕ್ಕರೂ ಸಹಿಸಿಕೊಂಡರು. ಎರಡರಲ್ಲಿ ಯಾವುದಾದರೂ ನನಗೆ ಅವರ ಮೇಲಿನ ಗೌರವ ಕಡಿಮೆಯಾಗದು. ಆದರೆ ಯಾವುದಕ್ಕೆ ಗೌರವಿಸುತ್ತಿದ್ದೇನೆಂದು ನನಗೆ ತಿಳಿಯಬೇಕು.

ಕಳೆದ ಭಾನುವಾರ ಸುವರ್ಣಾವತಿಗೆ ಹೋದೆ. ಮಾದಣ್ಣ ದಡದಲ್ಲಿ ತೆಪ್ಪ ಬೋರಲು ಹಾಕಿ ತಳಕ್ಕೆ ಟಾರು ಬಳಿಯುತ್ತಿದ್ದ.

"ಬನ್ನಿ ಲಾಯರಮ್ಮ" ಎಂದ. "ಮೇಷ್ಟ್ರು ಇಲ್ದೆ ಈ ತೆಪ್ಪುಕ್ಕೂ ಬೇಜಾರಾಗ್ಬುಟ್ಟದ. ಒಬ್ನೇ ಕುಂತ್ರ ಗಿರಗಿರ ಸುತ್ತತದ, ಎದುರ್ಗೆ ತೂಕ ಇಲ್ವಲ್ಲ."

"ಮಾದಣ್ಣ, ಆ ಚೀಲ ಹೋದ ದಿನದ್ದು ಕೇಳ್ಬೇಕಿತ್ತು."

ಅವನು ಬಳಿಯುವುದನ್ನು ನಿಲ್ಲಿಸಲಿಲ್ಲ. "ಮೇಷ್ಟ್ರು ಹೇಳ್ನಿಲ್ವಾ ನಿಮ್ಗ?"

"ಹೇಳಿದ್ರು."

"ಅವ್ರು ಹೇಳದ್ಮೇಲೆ ಆಯ್ತಲ್ಲ. ನಾನೇನ್ ಬ್ಯಾರೆ ಹೇಳನ."

"ದಾರ ಮೋಟಿಗೆ ಸಿಕ್ಕಿದ್ದು ನಿಜ ತಾನೆ?"

"ನಿಜ."

"ತೆಪ್ಪ ವಾಲಿದ್ದು?"

"ವಾಲ್ತು. ನಾನು ಹುಟ್ಟು ಬುಟ್ಟು ಆ ಕಡೆ ಅಂಚು ಹಿಡ್ಕಂಡೆ. ಮೇಷ್ಟ್ರೂ ಹಿಡ್ಕಂಡ್ರು."

ಅಷ್ಟು ಹೇಳಿ ಮಾದಣ್ಣ ಟಾರಿನ ಬ್ರಷ್ಷನ್ನು ಡಬ್ಬಿಯೊಳಗೆ ಇಟ್ಟು, ಕೈಯನ್ನು ಹುಲ್ಲಿಗೆ ಒರೆಸಿ, ನೀರಿನ ಕಡೆ ತಿರುಗಿ ನಿಂತ. ಕೋರ್ಟಿನಲ್ಲಿ ಸಾಕ್ಷಿ ಹೀಗೆ ನಿಂತರೆ ಮುಂದಿನ ಪ್ರಶ್ನೆಯನ್ನು ಬಹಳ ಸಣ್ಣದಾಗಿ ಕೇಳಬೇಕೆಂದು ಹಿರಿಯರು ಹೇಳಿಕೊಟ್ಟಿದ್ದಾರೆ. ಅಮ್ಮಾವ್ರನ್ನು ಕೇಳಿ ಕಟ್ಟಿಕೊಂಡು ಬಂದಿದ್ದ ಎರಡನೇ ಚೀಲವನ್ನು ನಾನು ಸೊಂಟದಿಂದ ಬಿಚ್ಚಿ ಬೋರಲು ತೆಪ್ಪದ ಮೇಲೆ ಇಟ್ಟೆ.

"ಮಾದಣ್ಣ, ಚೀಲ ನೀರಿಗೆ ಹೋಗೋವಾಗ ಮೇಷ್ಟ್ರ ಎಡಗೈ ಎಲ್ಲಿತ್ತು?"